ಯೋಗ್ಯ ಕ್ರಮಕ್ಕಾಗಿ

ಆ ದಿನದ ಟಪಾಲಿನಲ್ಲಿ ದಪ್ಪನೆಯದೆಂದರೆ ಅದೊಂದೇ ಲಕೋಟೆ. ಮಹಾರಾಷ್ಟ್ರದ ಗಡಿಯ ಆ ಠಾಣೆಯ ಬರವಣಿಗೆ ನೋಡುವ ರೈಟರ್ ಹವಾಲದಾರ ವೈಜನಾಥ ಎಂದಿನಂತೆ ಅಳತೆಪಟ್ಟಿಯ ಅಂಚಿನಿಂದ ಅದನ್ನು ಸೀಳಿದ, ಎಂದಿನಂತೆ ಆವಕ ರಜಿಸ್ಟರಿನಲ್ಲಿ ನಂಬರು ಬರೆಯಲು ಪೆನ್ನು ತೆರೆದ, ಆಮೇಲೆ ಪೆನ್ನು ಕೈಯಲ್ಲಿ ಹಾಗೇ ಉಳಿಯಿತು. ಮೇಲಿನ ಹಾಳೆ ಉಪವಿಭಾಗದ ಕಚೇರಿಯದು, ಮೂರೇ ಸಾಲು: ಜೊತೆಗಿರುವ ಅರ್ಜಿಯನ್ನು ಯೋಗ್ಯ ಕ್ರಮಕ್ಕಾಗಿ ಕಳಿಸಿದೆ, ಏಳು ದಿನದೊಳಗೆ ವರದಿ ಕೊಡತಕ್ಕದ್ದು. ಅದರ ಕೆಳಗೆ ಜಿಲ್ಲೆಯ ಹಾಳೆ, ಅದೇ ಮಾತು. ಅದರ ಕೆಳಗೆ ಮುಂಬೈಯದು, ಅದೇ ಮಾತು. ಅದರ ಕೆಳಗೆ ದಿಲ್ಲಿಯದು. ಇಂಗ್ಲಿಷಿನ ಆ ಹಾಳೆಯನ್ನು ಅವನು ಬೆರಳಿಟ್ಟು, ತುಟಿ ಅಲುಗಿಸುತ್ತ, ಎರಡು ಸಲ ಓದಿದ. ಪೊಲೀಸು ಮತ್ತು ಸಾರ್ವಜನಿಕ ಸುವ್ಯವಸ್ಥೆ ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ರಾಜ್ಯಗಳ ವಿಷಯ; ಆದ್ದರಿಂದ ಈ ಅರ್ಜಿಯನ್ನು ರಾಜ್ಯ ಸರಕಾರಕ್ಕೆ ಯೋಗ್ಯ ಕ್ರಮಕ್ಕಾಗಿ ರವಾನಿಸಲಾಗಿದೆ. ಎಲ್ಲಕ್ಕೂ ಕೆಳಗೆ, ಮಡಚಿ ಮಡಚಿ ಮಡಿಕೆಯಲ್ಲಿ ಹರಿಯಲು ಬಂದಿದ್ದ ಮರಾಠಿ ಅರ್ಜಿ. ಸಹಿಯ ಜಾಗದಲ್ಲಿ ನೀಲಿ ಹೆಬ್ಬೆಟ್ಟು. ಸರುಬಾಯಿ, ಗಂಡ ಧೂಳಪ್ಪ, ಮುಕ್ಕಾಮ ಸಾಸ್ತೂರ, ತಾಲೂಕಾ ಉಮರ್ಗಾ. ಏಳು ತಿಂಗಳ ಹಿಂದೆ ತಾನೇ ದಾರಿ ತೋರಿಸಿ ದೂರ ಕಳಿಸಿದ್ದ ಕಾಗದ, ಎಲ್ಲ ದೊಡ್ಡವರ ಮೇಜುಗಳನ್ನೂ ಒಂದೊಂದಾಗಿ ಇಳಿದು, ಕೊನೆಗೆ ತನ್ನ ಮೇಜಿನ ಮೇಲೆಯೇ, ತನ್ನ ಚಹಾದ ಬಶಿಯ ಪಕ್ಕದಲ್ಲಿಯೇ ಬಂದು ಕೂತಿತ್ತು.

ದಾರಿ ತೋರಿಸಿದ್ದು ದಯೆಯಿಂದ ಅಂತ ಅವನೇನೂ ತನ್ನನ್ನು ನಂಬಿಸಿಕೊಂಡಿರಲಿಲ್ಲ. ಆಗ, ಗಂಡನ ಸಾವಿನ ತಪಾಸ ಆಗಬೇಕೆಂದು, ಪ್ರತಿ ಸೋಮವಾರ ಮುಂಜಾನೆಯ ಬಸ್ಸಿಗೆ ಸರುಬಾಯಿ ಬರುತ್ತಿದ್ದಳು. ಠಾಣೆಯ ಎದುರು ಬೇವಿನ ಬುಡದಲ್ಲಿ, ಸೆರಗನ್ನು ಹಣೆಯ ತನಕ ಎಳೆದುಕೊಂಡು ಸಂಜೆಯ ಬಸ್ಸಿನ ತನಕ ಕೂತಿರುತ್ತಿದ್ದಳು. ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ. ವೈಜನಾಥನ ಖುರ್ಚಿ ಕಿಟಕಿಗೆ ಎದುರಾಗಿತ್ತು. ಬರೆಯುವಾಗ ತಲೆ ಎತ್ತಿದರೆ ಆಕೆ, ಎತ್ತದಿದ್ದರೂ ಆಕೆ. ಮೇಜನ್ನು ತಿರುಗಿಸಿ ಹಾಕಿಕೊಂಡ. ಆಗ ಆಕೆ ಬೆನ್ನಿನ ಮೇಲೆ ಬಂದು ಕೂತಂತಾಯಿತು. ಹನ್ನೊಂದನೆಯ ಸೋಮವಾರವೋ ಹನ್ನೆರಡನೆಯದೋ, ಠಾಣೆಯ ಮುಖ್ಯಸ್ಥರಾದ ಫೌಜದಾರ ಸಾಹೇಬರು ಉದಗೀರಕ್ಕೆ ಮೀಟಿಂಗಿಗೆ ಹೋಗಿದ್ದಾಗ, ಅವನು ಗೇಟಿನ ತನಕ ನಡೆದು, ಯಾರಾದರೂ ನೋಡುತ್ತಾರೇನೋ ಎಂದು ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ ಕನ್ನಡದಲ್ಲಿ ಹೇಳಿದ್ದ: “ತಂಗೀ, ಇಲ್ಲಿ ಕುಂತ್ರ ಏನೂ ಆಗಲ್ಲ. ದಿಲ್ಲಿಗಿ ಬರಸು. ದಿಲ್ಲಿಯವ್ರು ಬಂದು ತಪಾಸ ಮಾಡಿದ್ರೇ ಆದೀತು.” ಆಕೆ ತಲೆ ಎತ್ತಿ ಅವನನ್ನು ನೋಡಿದ್ದಳು. ಮೂರು ತಿಂಗಳಲ್ಲಿ ಅಲ್ಲಿ ತನ್ನೊಡನೆ ತನ್ನ ಮಾತಿನಲ್ಲಿ ಮಾತಾಡಿದ ಮೊದಲ ಮನುಷ್ಯನನ್ನು ನೋಡುವ ಹಾಗೆ. ಮುಂದಿನ ಸೋಮವಾರ ಬೇವಿನ ಬುಡ ಖಾಲಿಯಿತ್ತು. ಎದೆ ಹಗುರಾಗಿ ಅವನು ಅವತ್ತು ಎರಡು ಕಪ್ಪು ಚಹಾ ಕುಡಿದಿದ್ದ.

ಹತ್ತೂವರೆಗೆ ಫೌಜದಾರ ಸಾಹೇಬರು ಬಂದರು. ಟೋಪಿ ಮೇಜಿನ ಮೇಲಿಟ್ಟು, ಕಾಗದಗಳನ್ನು ಮೇಲಿನಿಂದ ಕೆಳಕ್ಕೆ ಸರಸರನೆ ತಿರುವಿ, ಕೊನೆಯ ಅರ್ಜಿಯನ್ನು ಮಾತ್ರ ನಿಧಾನಕ್ಕೆ ಓದಿದರು. ವೈಜನಾಥ ಎದುರಿಗೆ ನಿಂತಿದ್ದ. ಆ ಹಾಳೆಯ ನಡುವಿನ ಸಾಲು ಅವನಿಗೆ ಗೊತ್ತಿತ್ತು, ಸಾಹೇಬರ ಕಣ್ಣು ಅಲ್ಲಿಗೆ ಬರುವುದನ್ನು ಅವನು ನೋಡುತ್ತಿದ್ದ. ಅವರು ಅದನ್ನು ಗಟ್ಟಿಯಾಗಿ ಓದಿದರು: ಠಾಣೆಯಲ್ಲಿ ಒಬ್ಬ ಒಳ್ಳೆಯ ಮನುಷ್ಯನಿದ್ದಾನೆ, ತಮಗೆ ಬರೆಯಬೇಕೆಂದು ಅವನೇ ಹೇಳಿದ, ಅವನ ಹೆಸರು ನಾನು ಹೇಳುವುದಿಲ್ಲ. ಓದಿ, ಮರಾಠಿಯಲ್ಲಿ ನಕ್ಕು ಹೇಳಿದರು: “ಕೇಳಿದೆಯಾ ವೈಜನಾಥ? ನಮ್ಮ ಠಾಣೆಯಲ್ಲಿ ಒಬ್ಬ ಒಳ್ಳೆಯವನಿದ್ದಾನಂತೆ. ಇಷ್ಟು ದಿನ ನನಗೇ ಗೊತ್ತಿರಲಿಲ್ಲ ನೋಡು.” ಬಾಗಿಲಲ್ಲಿದ್ದ ಇಬ್ಬರು ಕಾನ್‌ಸ್ಟೇಬಲ್‌ಗಳೂ ನಕ್ಕರು. ವೈಜನಾಥನೂ ನಕ್ಕ. ನಗು ತನ್ನ ಮುಖದ ಮೇಲೆ ಬೇರೆ ಯಾರೋ ಇಟ್ಟು ಹೋದ ವಸ್ತುವಿನಂತೆ ಇತ್ತು, ತೆಗೆಯುವುದು ಹೇಗೆಂದು ತಿಳಿಯಲಿಲ್ಲ. ಸಾಹೇಬರು ಅವನನ್ನೇ ನೋಡುತ್ತಿದ್ದರು, ಅಥವಾ ಹಾಗೆಂದು ಅವನಿಗೆ ಅನ್ನಿಸಿತು. “ನೀನೇ ಹೋಗು ಸಾಸ್ತೂರಕ್ಕೆ,” ಎಂದರು. “ನಿಮ್ಮ ಜನ, ನಿಮ್ಮ ಕಾನಡಿ ಭಾಷೆ. ಆಕೆಯ ಹೇಳಿಕೆಯ ಜಬಾಬು ಇಲ್ಲೇ ಬರೆದುಕೊಂಡು ಹೋಗು: ಗಂಡ ಮೊದಲಿನಿಂದಲೂ ಹೃದಯದ ರೋಗಿ, ಪೊಲೀಸರ ಮೇಲೆ ನನ್ನ ತಕರಾರಿಲ್ಲ, ಯಾರೋ ತಲೆ ಕೆಡಿಸಿ ಅರ್ಜಿ ಬರೆಸಿದರು. ಹೆಬ್ಬೆಟ್ಟು ಹಾಕಿಸಿಕೊಂಡು ಬಾ. ಅಲ್ಲಿಗೆ ಮುಗಿಯಿತು.” ಆಮೇಲೆ ದಿಲ್ಲಿಯ ಹಾಳೆಯನ್ನು ಉಗುರಿನಿಂದ ತಟ್ಟಿ, ಬಹಳ ಸಮಾಧಾನದಿಂದ, “ಇದು ನಮ್ಮ ವಿಷಯವಂತೆ,” ಎಂದರು.

ಜಬಾಬನ್ನು ಅವನೇ ಬರೆದ. ಇಪ್ಪತ್ತೆರಡು ವರ್ಷ ಬರೆದ ಕೈ, ಒಂದು ಒತ್ತಕ್ಷರವೂ ತಪ್ಪಲಿಲ್ಲ.

ಮರುದಿನ ಮುಂಜಾನೆ ಹೆಂಡತಿ ಕುಸುಮಬಾಯಿ ರೊಟ್ಟಿ, ಶೇಂಗಾಹಿಂಡಿ ಕಟ್ಟಿಕೊಡುತ್ತ, “ಆ ಹೆಣ್ಮಗಳ ಊರಿಗೇ ಹೊಂಟೀರೇನ್ರಿ?” ಎಂದು ಕೇಳಿದಳು. ಅವನು ಅವಳಿಗೆ ಎಂದೂ ಏನೂ ಹೇಳಿರಲಿಲ್ಲ. ಆದರೂ ಅವಳಿಗೆ ಗೊತ್ತಿತ್ತೆ? ಊರಿಗೆಲ್ಲ ಗೊತ್ತಿತ್ತೆ? “ಸರಕಾರಿ ಕೆಲಸ ಅದ,” ಎಂದು ಅವನು ಚಪ್ಪಲಿ ಮೆಟ್ಟಿದ. ಉಮರ್ಗಾದಲ್ಲಿ ಬಸ್ಸು ಬದಲಿಸಿ ಸಾಸ್ತೂರದ ಬಸ್ಸು ಹತ್ತಿದಾಗ ಎಳೆಬಿಸಿಲು. ರಸ್ತೆಯ ಎರಡೂ ಬದಿಗೆ ಜೋಳ ತೆನೆಗಟ್ಟಿ ನಿಂತಿತ್ತು. ಖಾಕಿ ಕಂಡು ಕಂಡಕ್ಟರ್ ತಿಕೀಟು ಕೇಳಲಿಲ್ಲ, ಪಕ್ಕದಲ್ಲಿದ್ದ ಮುದುಕ ಎದ್ದು ಹಿಂದಿನ ಸೀಟಿಗೆ ಹೋದ. ಐದು ವರ್ಷದ ಹಿಂದೆ, ಭೂಕಂಪವಾದ ಮೂರನೆಯ ದಿನ, ಇದೇ ರಸ್ತೆಯಲ್ಲಿ ಪೊಲೀಸ್ ಟ್ರಕ್ಕಿನಲ್ಲಿ ನಿಂತುಕೊಂಡು ಅವನು ಸಾಸ್ತೂರಕ್ಕೆ ಬಂದೋಬಸ್ತಿಗೆ ಹೋಗಿದ್ದ. ಆಗ ಊರೆಂಬುದು ಕಲ್ಲಿನ ಗುಂಪಿಯಾಗಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡ, ದಿಲ್ಲಿ ಕಳಿಸಿದ ಸೈನ್ಯದ ಜವಾನರು, ಕನ್ನಡವೂ ಬಾರದ ಮರಾಠಿಯೂ ಬಾರದ ಎಲ್ಲಿಯವರೋ ಹುಡುಗರು, ಕೈಯಿಂದಲೇ ಕಲ್ಲು ಎತ್ತುತ್ತಿದ್ದರು. ಒಳಗಿನಿಂದ ಯಾರಾದರೂ ಕೂಗಿದರೆ ಅವರಿಗೆ ಮಾತು ತಿಳಿಯುತ್ತಿರಲಿಲ್ಲ, ವೈಜನಾಥನನ್ನು ಕರೆಯುತ್ತಿದ್ದರು. ಅವನು ಕಲ್ಲಿನ ಸಂದಿಗೆ ಕಿವಿಯಿಟ್ಟು ಕೇಳಿ, ಹೆಣ್ಮಗಳು, ಕಾಲು ಸಿಕ್ಕಾವಂತ, ಎಡಗಡಿ ತೊಲಿ ಎತ್ತಬ್ಯಾಡ್ರಂತ, ಎಂದು ಹಿಂದಿಯಲ್ಲಿ ಹೇಳುತ್ತಿದ್ದ. ಆ ಎರಡು ದಿನದಲ್ಲಿ ಅವನ ಕಿವಿಯಿಂದ ನಾಲ್ಕು ಜನ ಬದುಕಿದ್ದರು. ಕಲ್ಲಿನ ಕೆಳಗಿನ ಮಾತು ಕೇಳಿಸುತ್ತಿದ್ದ ಅದೇ ಕಿವಿ.

ಹತ್ತು ತಿಂಗಳ ಹಿಂದೆ ಅದೇ ಕಿವಿಗೆ ಠಾಣೆಯ ಹಿಂದಿನ ಕೋಣೆಯಿಂದ ಧೂಳಪ್ಪನ ಮಾತೂ ಕೇಳಿಸಿತ್ತು. ಅವತ್ತು ಸಂತೆಯ ದಿನ, ಔರಾದದ ಕಡೆಗೆ ಹೋಗುವ ಜೀಪುಗಳ ಹಾರ್ನು, ಹೊರಗೆ ಬಿಸಿಲು, ಮಧ್ಯಾಹ್ನ ಹನ್ನೆರಡರ ಹೊತ್ತು. ಪುನರ್ವಸತಿ ಮನೆಗಳಿಗೆಂದು ತಂದಿಟ್ಟಿದ್ದ ಕಬ್ಬಿಣದ ಸಲಾಕೆಗಳು ಗೋದಾಮಿನಿಂದ ಕಾಣೆಯಾಗಿದ್ದವು, ಬಂಡಿ ಹೊಡೆದ ಆರು ಜನರನ್ನು ಕರೆಸಿದ್ದರು, ಐವರನ್ನು ಬಿಟ್ಟರು. ಧೂಳಪ್ಪ ಉಳಿದ. ಯಾಕೆಂದರೆ ಅವನು ಸಾಹೇಬರ ಕಣ್ಣಿನಲ್ಲಿ ಕಣ್ಣಿಟ್ಟು, ತನ್ನ ಮನೆಗೇ ಬರುವ ಕಬ್ಬಿಣ ತಾನೇ ಯಾಕೆ ಕದಿಯಲಿ ಎಂದು ಕೇಳಿದ್ದ. ಎರಡು ದಿನ. ಠಾಣೆಯ ಡೈರಿಯಲ್ಲಿ ಅವನ ಹೆಸರಿಲ್ಲ. ಸಾಹೇಬರಿಗೆ ಮರಾಠಿಯಲ್ಲಿಯೇ ಉತ್ತರ ಕೊಡುತ್ತಿದ್ದ ಧೂಳಪ್ಪ ಎರಡನೆಯ ದಿನ ಮಧ್ಯಾಹ್ನ ಇದ್ದಕ್ಕಿದ್ದಂತೆ ಕನ್ನಡಕ್ಕೆ ತಿರುಗಿದ. ನೋವಿಗೆ ಮರಾಠಿ ಮುಗಿದುಹೋಗಿತ್ತೋ ಏನೋ. ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದ ವೈಜನಾಥನನ್ನು ನೋಡಿ, “ಅಣ್ಣಾ, ಎದಿ ಹಿಡದದ. ಕೈ ಜೋಂ ಹಿಡದದ. ನೀ ನಮ್ಮಾಂವ ಅದಿ, ಇವರಿಗಿ ಹೇಳು, ಎದಿ ಹಿಡದದ ಅಂತ,” ಎಂದ. ಸಾಹೇಬರು ತಿರುಗಿ, “ಕಾಯ ಮ್ಹಣತೋಯ?” ಎಂದರು. ಏನಂತಾನೆ? ಅಂದು ಮುಂಜಾನೆಯೇ ಅವರು ಎಲ್ಲರೆದುರು, ಈ ಕಾನಡಿಗಳೆಲ್ಲ ಒಳಗಿಂದೊಳಗೆ ಒಂದೇ ಎಂದು ವೈಜನಾಥನ ಹೆಗಲು ತಟ್ಟಿ ನಕ್ಕಿದ್ದರು. ಆ ಕೈಯ ಭಾರ ಇನ್ನೂ ಹೆಗಲ ಮೇಲಿತ್ತು. ಅವನ ಬಾಯಿಂದ ಬಂದ ಉತ್ತರ ಅವನಿಗೇ ಹೊಸದಾಗಿತ್ತು: “ಕಾಹಿ ನಾಹಿ ಸಾಹೇಬ. ನುಸತಾ ಓರಡತೋಯ.” ಏನಿಲ್ಲ ಸಾಹೇಬ. ಸುಮ್ಮನೆ ಒದರುತ್ತಾನೆ. ಧೂಳಪ್ಪನಿಗೆ ಮರಾಠಿ ಬರುತ್ತಿತ್ತು. ಆ ಉತ್ತರ ಅವನಿಗೆ ತಿಳಿಯಿತು. ಆ ಮುಖವನ್ನು ವೈಜನಾಥನಿಗೆ ಅಲ್ಲಿಂದೀಚೆಗೆ ಯಾವ ಹೆಸರಿನಿಂದ ಕರೆಯಲಿಕ್ಕೂ ಆಗಿರಲಿಲ್ಲ. ಸಿಟ್ಟಲ್ಲ, ಶಾಪವಲ್ಲ, ನಂಬದ ಒಂದು ಬೆರಗು, ಗಟ್ಟಿ ನೆಲ ಕಾಲ ಕೆಳಗೆ ಅಲುಗಿದಾಗ ಮನುಷ್ಯನ ಮುಖದಲ್ಲಿ ಬರುವಂಥದು. ಅರ್ಧ ತಾಸಿಗೆ ಎಲ್ಲ ಮುಗಿಯಿತು. ವೈಜನಾಥ ಡೈರಿ ಎಳೆದುಕೊಂಡು ಬರೆದ: ಧೂಳಪ್ಪ ಎಂಬವನನ್ನು ಇಂದು ಹನ್ನೊಂದಕ್ಕೆ ವಿಚಾರಣೆ ಮಾಡಿ ಬಿಡಲಾಯಿತು, ಪ್ರಕೃತಿ ಉತ್ತಮ. ಹೆಣ ಸಂಜೆ ಮುರುಮ ಊರಿಗೆ ಹೋಗುವ ರಸ್ತೆಯ ಬದಿಗೆ ಸಿಕ್ಕಿತು.

ಹೊಸ ಸಾಸ್ತೂರದ ಮನೆಗಳು ಒಂದೇ ಅಳತೆ, ಒಂದೇ ಬಣ್ಣ. ಓಣಿಗೆ ಹೆಸರಿಲ್ಲ, ಮನೆಗೆ ನಂಬರು. ಕಟ್ಟೆಯ ಮೇಲೆ ಧೂಳಪ್ಪನ ತಾಯಿ ಮಾಳವ್ವ ತೊಗರಿ ಹಸನು ಮಾಡುತ್ತಿದ್ದಳು. ಖಾಕಿ ಕಂಡು ಅವಳ ಕೈಯಲ್ಲಿನ ಮೊರ ಓರೆಯಾಯಿತು, ಕಾಳು ಚೆಲ್ಲಿದವು. ಒಳಗಿನಿಂದ ಬಂದ ಸರುಬಾಯಿ ಮಾತ್ರ ಅವನನ್ನು ಕಂಡದ್ದೇ ಸೆರಗು ಸರಿಮಾಡಿಕೊಂಡು, ಮುಖ ಅರಳಿಸಿ, “ಅತ್ತೀ, ಅಂಜಬ್ಯಾಡ್ರಿ. ನಾ ಹೇಳಿದ್ನಲ್ಲ, ಅವ್ರೇ ಇವ್ರು,” ಎಂದಳು. ಕಂಬಳಿ ಹಾಸಿದಳು. ತಂಬಿಗೆಯಲ್ಲಿ ನೀರು ತಂದಿಟ್ಟಳು. ಅವನಿಗೆ ತಿರುಗಿ ಓಡಿಬಿಡಬೇಕೆನ್ನಿಸಿತು.

“ಅಣ್ಣಾರ, ದಿಲ್ಲಿಯವ್ರು ಯಾವಾಗ ಬರ್ತಾರ್ರಿ?”

“ಅವ್ರು ಬರಲ್ಲವ್ವಾ,” ಎಂದ ವೈಜನಾಥ. “ಸಂವಿಧಾನದಾಗ ಹಂಗದ. ಪೊಲೀಸರ ಕೆಲಸ ಅಂದ್ರ ಅದು ರಾಜ್ಯದ್ದು. ದಿಲ್ಲಿ ಅದರಾಗ ಕೈ ಹಾಕಂಗಿಲ್ಲ.”

“ಭೂಕಂಪದಾಗ ಬಂದಿದ್ರಲ್ರಿ?” ಸರುಬಾಯಿಯ ದನಿಯಲ್ಲಿ ವಾದವಿರಲಿಲ್ಲ, ತಿಳಿಯದ್ದನ್ನು ಕೇಳುವ ದನಿ. “ನನಗ ಕಲ್ಲಿನ ಬುಡಕಿಂದ ತಗದವ್ರೇ ಅವ್ರು. ಆವಾಗ ನಮ್ಮ ಊರು ರಾಜ್ಯದಾಗ ಇರಲಿಲ್ಲೇನ್ರಿ?”

“ಆವಾಗ ಮುಂಬೈದವ್ರು ಕರದಿದ್ರು. ಕರದ್ರ ಬರ್ತಾರ.”

“ಹಂಗಾರ ಈಗೂ ಮುಂಬೈದವ್ರು ಕರೀಲಿ.”

“ಕರೀಬೇಕಂದ್ರ ಮುಂಬೈಗಿ ಜಿಲ್ಲಾದಿಂದ ವರದಿ ಹೋಗಬೇಕು.”

“ಜಿಲ್ಲಾಕ ಯಾರು ಕೊಡ್ತಾರ್ರಿ?”

“ನಮ್ಮ ಸಾಹೇಬ್ರು.”

“ಅವರಿಗಿ ಬರದು ಕೊಡಾವ್ರು ಯಾರ್ರಿ?”

ವೈಜನಾಥ ತಂಬಿಗೆ ಎತ್ತಿದ, ಕುಡಿಯದೆ ಇಟ್ಟ. “ನಾನೇ,” ಎಂದ.

ಮಾಳವ್ವ ಕಾಳು ಆರಿಸುವುದನ್ನು ನಿಲ್ಲಿಸಿದ್ದಳು. ಈಗ ಬೈಯುತ್ತಾಳೆ, ಈಗ ಉಗುಳುತ್ತಾಳೆ ಎಂದು ಅವನು ಕಾದ. ಒಂದು ರೀತಿಯಲ್ಲಿ ಅದನ್ನು ಬೇಡಿಕೊಂಡ. ಸರುಬಾಯಿಯ ಮುಖದಲ್ಲಿ ಮೂಡಿದ್ದು ನಿರಾಳ. “ಹಂಗಾರ ಚಲೋನೇ ಆಯ್ತಲ್ರಿ ಅಣ್ಣಾರ,” ಎಂದಳು. “ಸುತ್ತ ಹಾಕಿ ನಿಮ್ಮ ಕೈಯಾಗೇ ಬಂತು. ನಿಮಗ ಗೊತ್ತೇ ಅದ ಎಲ್ಲ.” ಅವನ ತೊಡೆಯ ಮೇಲೆ ಬಿಚ್ಚಿಕೊಂಡಿದ್ದ ಕಾಗದವನ್ನು, ಬರೆದು ಮುಗಿಸಿ ತಂದಿದ್ದ ಜಬಾಬನ್ನು ನೋಡಿ, ಒಳಗೆ ಹೋಗಿ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು ಬಂದು ಎದುರಿಗೆ ಕೂತಳು. “ಬರಕೊಂಡೇ ಬಂದೀರೇನು? ಎಲ್ಲಿ ಹಚ್ಚಲ್ರಿ?” ಎಂದು ಬಲಗೈ ಹೆಬ್ಬೆರಳನ್ನು ಮುಂದೆ ಚಾಚಿದಳು.

ಓದಿ ಹೇಳಿರೆಂದು ಆಕೆ ಕೇಳಲಿಲ್ಲ. ಬೀಜ ಸೋಸಿ, ಕಳೆ ಕಿತ್ತು ಒಡೆದ ಆ ಹೆಬ್ಬೆರಳು ಅವನ ಮುಖದ ಎದುರು ಹಾಗೇ ನಿಂತಿತ್ತು. ಕಿಸೆಯಲ್ಲಿ ಶಾಯಿಯ ಡಬ್ಬಿಯಿತ್ತು. ತೆಗೆದು ಮುಚ್ಚಳ ತೆರೆದರೆ ಸಾಕು, ಒತ್ತಿದರೆ ಸಾಕು, ಹನ್ನೆರಡೂವರೆಯ ಬಸ್ಸಿಗೆ ಹಿಂತಿರುಗಬಹುದು, ನಾಳೆ ಮೇಲಕ್ಕೆ ಕಳಿಸಿದರೆ ಆಯಿತು. ಒಂದೊಂದೇ ಮೇಜು ಹತ್ತಿ ಅದು ದಿಲ್ಲಿಯ ತನಕ ಹೋಗುತ್ತದೆ, ಅಲ್ಲಿ ಯಾರೋ ಕಡತ ಮುಚ್ಚುತ್ತಾರೆ. ಅವನ ಕೈ ಕಿಸೆಗೆ ಹೋಯಿತು ಕೂಡ. ಇದಕ್ಕಿಂತ ಈಕೆ ಓದಲು ಬಲ್ಲವಳಾಗಿದ್ದರೆ, ಸಂಶಯದವಳಾಗಿದ್ದರೆ, ಊರ ಹಿರಿಯರನ್ನು ಕರೆಸಿ ಜಗಳಕ್ಕೆ ನಿಂತಿದ್ದರೆ ಎಷ್ಟು ಸಲೀಸಾಗುತ್ತಿತ್ತು. ಆಮೇಲೆ ಅವನಿಗೆ ತನ್ನದೇ ದನಿ, ಬಹಳ ದೂರದಿಂದೆಂಬಂತೆ, ಕೇಳಿಸಿತು.

“ಹಚ್ಚಬ್ಯಾಡ ತಂಗಿ. ಇದು ಸುಳ್ಳದ.”

ಅವನು ಹೇಳಿದ. ಡೈರಿಯ ಹನ್ನೊಂದು ಗಂಟೆ ಸುಳ್ಳೆಂದು, ಅದನ್ನು ಬರೆದವನು ತಾನೆಂದು ಮೊದಲು ಹೇಳಿದ, ಅದು ಸುಲಭವಾಗಿತ್ತು. ಆಮೇಲೆ ಹಿಂದಿನ ಕೋಣೆಯದನ್ನು ಹೇಳಿದ. ಧೂಳಪ್ಪ ಎದೆ ಹಿಡಿದಿದೆ ಎಂದದ್ದನ್ನು, ಸಾಹೇಬರು ಏನಂತಾನೆ ಎಂದು ಕೇಳಿದ್ದನ್ನು, ತಾನು ಕೊಟ್ಟ ಉತ್ತರವನ್ನು. ಅದನ್ನು ಹೇಳುವಾಗ ಅವನು ಆಕೆಯ ಮುಖ ನೋಡಲಿಲ್ಲ, ಚೆಲ್ಲಿದ ತೊಗರಿಯನ್ನು ನೋಡುತ್ತಿದ್ದ. ಪಕ್ಕದ ಮನೆಯಲ್ಲಿ ಹಿಟ್ಟಿನ ಗಿರಣಿ ಸುರುವಾಗಿ ಓಣಿಯೆಲ್ಲ ಅದರ ಸದ್ದು ತುಂಬಿತು.

“ಇನ್ನೊಮ್ಮೆ ಹೇಳ್ರಿ,” ಎಂದಳು ಸರುಬಾಯಿ.

“ಏನು?”

“ನಮ್ಮ ಮನಿಯವ್ರು ಅಂದಿದ್ದು. ಅವ್ರು ಏನೇನಂದ್ರು, ಅಷ್ಟೇ ಹೇಳ್ರಿ.”

ಅವನು ಹೇಳಿದ. ಆಕೆ ತುಟಿ ಅಲುಗಿಸುತ್ತ ಬಾಯಿಪಾಠ ಮಾಡಿಕೊಳ್ಳುವವಳಂತೆ ಕೇಳಿದಳು. ಇನ್ನೂ ಒಮ್ಮೆ ಹೇಳಿಸಿದಳು. ಅಳಲಿಲ್ಲ. ಮಾಳವ್ವ ಮಾತ್ರ ಇದ್ದಕ್ಕಿದ್ದಂತೆ, ಸಣ್ಣ ಮಕ್ಕಳು ಬಿದ್ದಾಗ ಉಸಿರು ಕಟ್ಟಿ ಆಮೇಲೆ ಒಮ್ಮೆಲೇ ಚೀರುವ ಹಾಗೆ ಚೀರಿದಳು: “ತಂಬಿಗಿ ನಿನ್ನ ಕೈಯಾಗೇ ಇತ್ತಲ್ಲೋ! ನೀರು ನಿನ್ನ ಕೈಯಾಗೇ ಇತ್ತಲ್ಲೋ!” ತಂಬಿಗೆ ಹಿಡಿದಿದ್ದೆ ಎಂಬುದನ್ನೂ ಹೇಳಿಬಿಟ್ಟಿದ್ದೆನೆ ಎಂದು ವೈಜನಾಥ ಬೆಚ್ಚಿದ. ಕೊಟ್ಟಿದ್ದೆನೋ ಇಲ್ಲವೋ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಕೊಟ್ಟಿರಲಿಲ್ಲ. ಹೊರಗೆ ತಂದು ಕಟ್ಟೆಯ ಮೇಲಿಟ್ಟು ಡೈರಿ ಬರೆಯಲು ಕೂತಿದ್ದ. ಇಷ್ಟು ದಿನ ತನ್ನ ತಪ್ಪನ್ನೆಲ್ಲ ಎಣಿಸಿ ಮುಗಿಸಿದ್ದೇನೆ ಎಂದುಕೊಂಡಿದ್ದವನಿಗೆ ಇದು ಎಣಿಕೆಗೇ ಸಿಕ್ಕಿರಲಿಲ್ಲ.

“ಖಾಲಿ ಹಾಳಿ ಅದೇನ್ರಿ?” ಎಂದಳು ಸರುಬಾಯಿ. ಆಕೆ ಅಣ್ಣಾರ ಎಂದು ಕರೆಯಲಿಲ್ಲ. “ಇದ್ರ ಖರೆ ಇದ್ದಿದ್ದು ಬರೀರಿ. ಬರದಿದ್ದು ಓದ್ರಿ. ಆಮ್ಯಾಲ ಹಚ್ತೀನಿ.”

ಅವನು ಬರೆದ. ಆಕೆಯ ಜಬಾಬು ಅರ್ಧ ಪುಟದಲ್ಲಿ ಮುಗಿಯಿತು. ಅವನದೇ ಹೇಳಿಕೆ ಎರಡೂವರೆ ಪುಟ. ಮರಾಠಿಯಲ್ಲಿ ಬರೆಯುತ್ತ ಹೋದವನು ಧೂಳಪ್ಪನ ಮಾತು ಬಂದಲ್ಲಿ ತಡೆದು, ಶಾಲೆ ಬಿಟ್ಟ ಮೇಲೆ ಎಂದೂ ಬರೆಯದ ಕನ್ನಡ ಅಕ್ಷರಗಳಲ್ಲಿ, ವಕ್ರವಾಗಿ, ಅಂದದ್ದನ್ನು ಅಂದ ಹಾಗೇ ಬರೆದ. ಗಟ್ಟಿಯಾಗಿ ಓದಿ ಹೇಳಿದ. ಸರುಬಾಯಿ ಹೆಬ್ಬೆಟ್ಟು ಒತ್ತಿದಳು. ಅವನು ಸುಳ್ಳು ಜಬಾಬನ್ನು ಹರಿಯಲು ಎತ್ತಿದಾಗ ಆಕೆ ಕೈ ಅಡ್ಡ ತಂದಳು. “ಅದೂ ಇರಲಿ. ಅದೂ ತೋರಸ್ರಿ.” ಆಮೇಲೆ ಎದ್ದು, ಬಾಗಿಲ ಚೌಕಟ್ಟು ಹಿಡಿದು, ಅವನ ಕಡೆ ನೋಡದೆ, “ಬಸ್ಸಿಗಿ ಹೊತ್ತಾಗ್ತದ,” ಎಂದಳು. ಕ್ಷಮೆ ಸಿಗುವುದೆಂದು ಅವನು ಬಂದಿರಲಿಲ್ಲ. ಆದರೆ ಅದು ಇಷ್ಟು ಪೂರ್ತಿಯಾಗಿ ಸಿಗದಿರುವುದೆಂದೂ ತಿಳಿದಿರಲಿಲ್ಲ.

ಉಮರ್ಗಾದ ಬಸ್ಸು ಬಂತು, ಅವನು ಹತ್ತಲಿಲ್ಲ. ಠಾಣೆಗೆ ಒಯ್ದರೆ ಈ ಕಾಗದ ಸಾಹೇಬರ ಮೇಜಿನ ಆಚೆ ಹೋಗುವುದಿಲ್ಲ. ಜಿಲ್ಲೆಗೆ ಬರೆದರೆ ಮತ್ತೆ ಯೋಗ್ಯ ಕ್ರಮಕ್ಕಾಗಿ ಠಾಣೆಗೇ ಇಳಿದು ಬರುತ್ತದೆ. ಅರ್ಧ ತಾಸು ಕಳೆದು ನಿಲಂಗಾದ ಬಸ್ಸು ಬಂತು. ಅಲ್ಲಿನ ಕೋರ್ಟಿನಲ್ಲಿ ವಾರವಾರವೂ ಆರೋಪಿಗಳನ್ನು ಹಾಜರು ಮಾಡಿ ಅವನಿಗೆ ಮೆಟ್ಟಿಲ ಮೆಟ್ಟಿಲೂ ಗೊತ್ತಿತ್ತು. ಈ ಸಲ ಕಂಡಕ್ಟರ್ ಬೇಡವೆಂದರೂ ತಿಕೀಟು ತೆಗೆದುಕೊಂಡ. ದಾರಿಯುದ್ದಕ್ಕೂ ಕುಸುಮಬಾಯಿಯ ಮುಖ, ಕ್ವಾರ್ಟರಿನ ಎರಡು ಕೋಣೆ, ನಾಳೆ ಬಿಚ್ಚಬೇಕಾದ ಸಮವಸ್ತ್ರ ಕಣ್ಣ ಮುಂದೆ ಬಂದುಹೋದವು. ಅವನಿಗೆ ಧೈರ್ಯವೇನೂ ಬಂದಿರಲಿಲ್ಲ. ಬಸ್ಸು ನಿಂತಲ್ಲೆಲ್ಲ ಇಳಿದುಬಿಡಲೇ ಎನ್ನಿಸುತ್ತಿತ್ತು, ಬಸ್ಸು ಹೊರಟಾಗ ಕೂತೇ ಇರುತ್ತಿದ್ದ.

ಕೋರ್ಟು ಏಳುವ ಹೊತ್ತು. ನ್ಯಾಯಾಧೀಶರು ಇನ್ನೂ ಒಳಗಿದ್ದರು. ಗುರುತಿನ ಕಾರಕೂನ ಅವನನ್ನು ನೋಡಿ ನಕ್ಕು, “ಏನು ಹವಾಲದಾರರ, ಇವತ್ತು ಕೈದಿ ಎಲ್ಲಿ?” ಎಂದ. ವೈಜನಾಥ ಕಾಗದಗಳನ್ನು ಮುಂದಿಟ್ಟ. ಕಾರಕೂನ ನಿಂತಲ್ಲೇ ಓದತೊಡಗಿದ. ಅರ್ಧ ಪುಟಕ್ಕೆ ಬಂದಾಗ ಕೂತ. ಓದಿ ಮುಗಿಸಿ, ಎದ್ದು ಒಳಗೆ ಹೋಗಿ, ಬಹಳ ಹೊತ್ತಿನ ಮೇಲೆ ಬೇರೆಯೇ ಮುಖ ಮಾಡಿಕೊಂಡು ಹೊರಗೆ ಬಂದ. ನ್ಯಾಯಾಧೀಶ ಸಾಹೇಬರು ಹೇಳಿಕೆಯನ್ನು ಈಗಲೇ, ಪ್ರಮಾಣದ ಮೇಲೆ, ತಾವೇ ಬರೆದುಕೊಳ್ಳುತ್ತಾರೆ ಎಂದ. ರಜಿಸ್ಟರು ತೆರೆದು, ಹೆಸರು ಬರೆದು, ತಂದೆಯ ಹೆಸರು, ವಯಸ್ಸು, ಉದ್ಯೋಗ ಬರೆದು ಪೆನ್ನು ನಿಲ್ಲಿಸಿದ. “ಇಲ್ಲಿ ಏನಂತ ಬರೀಲ್ರಿ?” ಎಂದು ತಗ್ಗಿದ ದನಿಯಲ್ಲಿ ಕೇಳಿದ. “ಪೊಲೀಸರ ಕಡಿಂದ ಬಂದೀರೋ, ಸಾಕ್ಷಿನೋ?”

ವೈಜನಾಥ ಆ ಖಾಲಿ ಚೌಕವನ್ನು ನೋಡಿದ. ಇಪ್ಪತ್ತೆರಡು ವರ್ಷದಲ್ಲಿ ಇಂಥ ಎಷ್ಟೋ ಚೌಕಗಳನ್ನು ಸಾಕ್ಷಿ, ಆರೋಪಿ ಎಂದು ಯೋಚಿಸದೆ ತುಂಬಿದ್ದ.

“ಈಗ ಸಾಕ್ಷಿ ಅಂತ ಬರೀರಿ,” ಎಂದ. “ಮಗ್ಗಲಾಗ ಇನ್ನೊಂದು ಶಬ್ದಕ್ಕ ಜಾಗಾ ಬಿಡ್ರಿ.”

ಕಾರಕೂನ ಬರೆದು, ಎರಡು ಬೆರಳು ಜಾಗ ಬಿಟ್ಟು, ಗೆರೆ ಎಳೆದ. ಒಳಗಿನಿಂದ ಹೆಸರು ಕೂಗಿದರು.